ಬಾಯಿಗೆ ಅಡ್ಡ ಹಿಡಿದ ಕೈ

ಬೇರೆಯವರ ಪಾಪ ತಿಳಿದೂ ಮುಚ್ಚಿಡುವ ದೊಡ್ಡವರ ನಾಲಿಗೆ ನೇರಳೆ ಹಣ್ಣು ತಿಂದಂತೆ ಕಪ್ಪಾಗುತ್ತದೆ. ಮಕ್ಕಳದು ಆಗುವುದಿಲ್ಲ. ಹಲ್ಲುಜ್ಜಿದ ಮೇಲೆ ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುವುದು ಎಲ್ಲ ಮನೆಗಳ ರೂಢಿ.

ವಿಶಾಲಾಕ್ಷಿ ಆಶ್ರಮಕ್ಕೆ ಒಬ್ಬಳೇ ಹೋದಳು. ಗಂಡ "ಸುಮ್ನಿರೇ" ಎಂದು ಮನೆಯಲ್ಲೇ ಉಳಿದಿದ್ದ.

"ಬೇಸಿಗೆ ಶಿಬಿರದಲ್ಲಿ ನಿಮ್ಮ ಗುರುಗಳು ನನ್ನ ಮಗಳ ಮೈ ಮುಟ್ಟಿದಾರೆ" ಎಂದಳು.

ಸಮಿತಿಯವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಕುಳಿತಿದ್ದರು. ಗುರುಗಳ ಮುಂದೆ ಹಾಗೆ ಮಾತಾಡುವುದು ಅಲ್ಲಿನ ಪದ್ಧತಿ.

"ಮಗು ಏನೋ ತಪ್ಪು ತಿಳ್ಕೊಂಡಿದೆ ಕಣಮ್ಮ. ಹೆಣ್ಣುಮಗು, ಅದರ ಮುಂದಿನದೂ ನೋಡ್ಬೇಕಲ್ವಾ? ಇಲ್ಲಿಗೇ ಬಿಟ್ಬಿಡಿ" ಎಂದರು ಅಧ್ಯಕ್ಷ ಶ್ರೀಕಂಠಯ್ಯ, ಬೆರಳುಗಳ ಸಂದಿಯಿಂದ.

ವಿಶಾಲಾಕ್ಷಿ ಗುರುಗಳ ಖಾಲಿ ಪೀಠದತ್ತ ನೋಡಿದಳು. "ಗುರುಗಳು ಇಲ್ಲಿಲ್ವಲ್ಲ ಶ್ರೀಕಂಠಯ್ಯನವರೇ. ಕೈ ತೆಗೆದು ಮಾತಾಡಿ."

ಒಬ್ಬರೂ ತೆಗೆಯಲಿಲ್ಲ.

ಅವಳು ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟಳು. ಮನೆಗೆ ಬಂದಾಗ ಮಗಳು ಮೇದಿನಿ ಬಾಗಿಲಲ್ಲೇ ನಿಂತಿದ್ದಳು. ಆಶ್ರಮದವರು ಏನೆಂದರು ಎಂದು ಕೇಳಲಿಲ್ಲ.

"ಅಮ್ಮ, ನಾಲಿಗೆ ತೋರ್ಸು."

ವಿಶಾಲಾಕ್ಷಿ ಮಂಡಿಯೂರಿ ಬಾಯಿ ತೆರೆದಳು. ಮೇದಿನಿ ಬೆಳಕಿಗೆ ಅವಳ ಗದ್ದ ತಿರುಗಿಸಿ ನೋಡಿದಳು. ಕೆಂಪಗೇ ಇತ್ತು. ಆಮೇಲೆ ಒಳಗೆ ಪೇಪರ್ ಓದುತ್ತಿದ್ದವನ ಕಡೆ ತಿರುಗಿದಳು.

"ಅಪ್ಪ, ನಿಂದು?"

ಅವನು ಬಾಯಿಗೆ ಕೈ ಅಡ್ಡ ಹಿಡಿದ.