ಮೊಂಬಾಸದ ಕೊನೆಯ ಹಡಗು

ತಲೆದಿಂಬಿನ ಹೊಲಿಗೆ ಬಿಚ್ಚಿದಾಗ ಹತ್ತಿಯ ನಡುವಿನಿಂದ ಮಾತ್ರೆಗಳು ಉದುರಿದವು. ವಾರಿಜಾ ಎಣಿಸಿದಳು. ನಲವತ್ತೆರಡು. ದಿನಕ್ಕೆ ಮೂರರಂತೆ, ಸರಿಯಾಗಿ ಎರಡು ವಾರದ್ದು. ಗಂಡ ದೂಜ ಒಂದನ್ನೂ ನುಂಗಿರಲಿಲ್ಲ.

ಹಾಗಾದರೆ ಆ ಎದೆನೋವು, ಆ ಏದುಸಿರು, ಎಲ್ಲ ನಾಟಕ! ರೋಗ ನಿಜವಾಗಿದ್ದರೆ ಯಾರಾದರೂ ಮದ್ದು ಬಚ್ಚಿಡುತ್ತಾರೆಯೇ?

ಇವನ ಆರೈಕೆಗೆಂದು ಅವಳು ಮೊಂಬಾಸ ಬಿಟ್ಟು ಜೋಗೇಶ್ವರಿಯ ಈ ಚಾಳಿಗೆ ಬಂದಿದ್ದಳು. ಐವತ್ತಾರರ ಡಿಸೆಂಬರ್ ಮುಗಿದರೆ ಎರಡು ವರ್ಷ. ಅಷ್ಟು ಕಾಲ ಹೊರಗಿದ್ದವರಿಗೆ ಅಲ್ಲಿ ಕಾಯಂ ವಾಸದ ಹಕ್ಕು ರದ್ದು. ಅಲ್ಲಿನ ತನ್ನ ಹೊಲಿಗೆ ಅಂಗಡಿ ಹೋದರೆ ಹೋಗಲಿ. ಹನ್ನೆರಡು ವರ್ಷದ ಮಗಳು ವಿನೋದಿನಿಯನ್ನು ಶಾಲೆ ಬಿಡಿಸಲಾಗದೆ ಅಲ್ಲೇ ನೆರೆಯವರ ಮನೆಯಲ್ಲಿ ಬಿಟ್ಟು ಬಂದಿದ್ದಳಲ್ಲ! ಗಡುವಿನೊಳಗೆ ಮುಟ್ಟಿಸುವ ಹಡಗು ಇನ್ನು ಒಂದೇ ಇತ್ತು.

ಎರಡು ಸಲ ಪೆಟ್ಟಿಗೆ ಕಟ್ಟಿದ್ದಳು. ಎರಡು ಸಲವೂ ಅವನ ಉಸಿರಾಟ ನೋಡಲಾರದೆ ಬಿಚ್ಚಿದ್ದಳು. ಪಕ್ಕದ ಖೋಲಿಯ ಐತನೂ ಶಾಮೀಲಾಗಿರಬೇಕು. ಹೋಟೆಲಿನ ಕೆಲಸದ ನಡುವೆ ಬಿಡುವು ಸಿಕ್ಕರೆ ಬಂದು ಇವನ ಹತ್ತಿರ ಪಿಸುಗುಟ್ಟುವವನು, ಅವಳನ್ನು ಕಂಡರೆ ಬಾಯಿಗೆ ಬೀಗ ಹಾಕುತ್ತಿದ್ದ.

ಅವಳು ಮಾತ್ರೆಗಳನ್ನು ಗಂಡನ ಮುಂದೆ ಸುರಿದಳು.

“ಇದೆಂತ? ನನ್ನನ್ನು ಇಲ್ಲಿ ಕಟ್ಟಿಹಾಕಲಿಕ್ಕಾ?”

ದೂಜ ಗೋಡೆಯ ಕಡೆ ತಿರುಗಿದ. ದಿನಾ ಕೇಳುವುದನ್ನೇ ಕೇಳಿದ.

“ಹಡಗಿಗೆ ಎಷ್ಟು ದಿನ ಉಂಟು?”

“ಹದಿನೈದು! ತಪ್ಪಿಸಬೇಕೆಂದು ಕಾಯುತ್ತಾ ಇದ್ದೀರಲ್ಲ? ನೋಡಿ, ನೀವು ಸತ್ತರೂ ನಾನು ನಿಲ್ಲುವುದಿಲ್ಲ.”

“ಮಾತು ಬದಲಿಸಬೇಡ ಮತ್ತೆ,” ಎಂದು ಅವನು ನಕ್ಕ.

ಆ ನಗುವಿಗೆ ಅವಳ ಮೈಯೆಲ್ಲ ಉರಿಯಿತು. ಲೋಕಲ್ ರೈಲು ಹಿಡಿದು ಕೋಟೆ ಪ್ರದೇಶದ ಹಡಗು ಕಚೇರಿಗೆ ಹೋದಳು. ಟಿಕೆಟ್ ಮಾಡಿಸಿಯೇ ಬಂದಳು.

ಮರಳಿದಾಗ ಬಾಗಿಲ ಮುಂದೆ ಚಾಳಿನ ಜನ ಸೇರಿದ್ದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ದೂಜ ತೀರಿಕೊಂಡಿದ್ದ.

ವಾರಿಜಾ ಹೊಸ್ತಿಲಲ್ಲೇ ಕುಸಿದಳು. ಆಡಬಾರದ್ದನ್ನು ಆಡಿ ಹೋಗಿದ್ದಳು. “ನನ್ನ ನಾಲಿಗೆಯೇ ಕೊಂದಿತು,” ಎಂದು ಎದೆ ಬಡಿದುಕೊಂಡಳು.

“ಅಲ್ಲ ವಾರಿಜಕ್ಕ,” ಐತ ಬಿಕ್ಕಿದ. “ಎರಡು ವಾರದ ಹಿಂದೆಯೇ ದೂಜಣ್ಣ ನನ್ನ ಹತ್ತಿರ ಕೇಳಿದ್ದರು, ‘ನಾನು ಬದುಕಿರುವಷ್ಟು ದಿನ ಇವಳು ಹೋಗುವವಳಲ್ಲ, ಹದಿಮೂರನೇ ದಿನದ ಉತ್ತರಕ್ರಿಯೆ, ಬೊಜ್ಜ ಮುಗಿಸದೆಯೂ ಹೋಗುವವಳಲ್ಲ. ಹಾಗಾದರೆ ಯಾವ ತಾರೀಕಿನೊಳಗೆ ನಾನು ಸತ್ತರೆ ಇವಳಿಗೆ ಹಡಗು ಸಿಕ್ಕೀತು?’ ಅಂತ.”