ಎಡಗೈಯ ಕ್ಯಾಚು

"ಹಿಡಿ!" ಎಂದು ಡಾಕ್ಟರ್ ನಟರಾಜ ತನ್ನ ಕಾರಿನ ಕೀ ಗೊಂಚಲನ್ನು ಎಸೆದ. ಬಲಗೈಯಿಂದ ಚೆಂಡೆಸೆಯುವ ಬೇಸ್‌ಬಾಲ್ ಪಿಚರ್ ಎಲಿಸಿಯೊ ಅದನ್ನು ಎಡಗೈಯಲ್ಲಿ ಹಿಡಿದ. "ಸಿಕ್ಕಿಬಿದ್ದೆ!" ಎಂದ ನಟರಾಜ. "ಬಲಭುಜ ನೋಯ್ತಿದೆ, ಮುಚ್ಚಿಡ್ತಿದ್ದೀಯ. ಟೂರ್ನಮೆಂಟಿಗೆ ನೀನು ಅನ್‌ಫಿಟ್."

ಎಲಿಸಿಯೊ ಆಡುವ ಅಮೆರಿಕದ ಷಾರ್ಲೆಟ್ ಟೀಮಿನ ಮ್ಯಾನೇಜರ್ ಹಾಲಿಸ್ ಬಾಗಿಲಲ್ಲಿ ಹಲ್ಲು ಕಿರಿದ. ತನ್ನ ಆಟಗಾರ ಸ್ವದೇಶದ ಪರ ಆಡಲು ಹೋಗಿ ಗಾಯ ಮಾಡಿಕೊಂಡಾನೆಂದು ತಡೆಯಲು ಅವನಿಗೊಂದು ನೆಪ ಬೇಕಿತ್ತು.

ಎಲಿಸಿಯೊ ಬಲಗೈಯಿಂದಲೇ ಬೀಸಿದ ಗೊಂಚಲು ನಟರಾಜನ ಕಿವಿಯ ಪಕ್ಕ ಹಾದು ಗೋಡೆಗೆ ಬಡಿಯಿತು. "ನೀನ್ಯಾವೂರ ಡಾಕ್ಟರಯ್ಯಾ? ಬೇಸ್‌ಬಾಲಲ್ಲಿ ಬಲಗೈಯಲ್ಲಿ ಎಸೆಯೋರಿಗೆ ಗ್ಲೌಸು ಎಡಗೈಗೆ. ಚಿಕ್ಕಂದಿನಿಂದ ನಾನು ಹಿಡಿದಿರೋ ಕ್ಯಾಚೆಲ್ಲ ಈ ಕೈಯಲ್ಲೇ!"

ಮೈಸೂರಿನಲ್ಲಿ ಬರಿಗೈಯಲ್ಲಿ ಕ್ರಿಕೆಟ್ ಆಡಿ ಬೆಳೆದ ನಟರಾಜ ಬಿಳಿಚಿಕೊಂಡ. "ಹಾಲಿಸ್, ತಡಿ, ತಪ್ಪು ನನ್ನದು" ಎಂದು ತಿರುಗಿದ. ಗ್ಲೌಸಿನ ವಿಷಯ ಮೊದಲೇ ಗೊತ್ತಿದ್ದ ಹಾಲಿಸ್ ಬೆನ್ನು ತಿರುಗಿಸಿ ಎಲಿಸಿಯೊನ ದೇಶದ ಟೀಮಿನವರಿಗೆ ಫೋನಿನಲ್ಲಿ ಹೇಳುತ್ತಿದ್ದ: "ಸ್ವತಃ ಡಾಕ್ಟರೇ ಹೇಳಿದ್ರು. ಅವನನ್ನ ಕಳಿಸೋಕಾಗಲ್ಲ."