ಅಂಚಿನೊಳಗಿನ ಬಟ್ಟೆ

“ಅಜ್ಜಿ, ಬೇಗ ಮುಗಿಸೋಕೆ ಹೇಳು ಅವರಿಗೆ,” ಎಂದಳು ಹುಡುಗಿ, ಅಪ್ಪನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಬೀದಿಗೆ ಮುಖ ಮಾಡಿ ನಿಂತು.

“ನಾನೇನು ಪೋಸ್ಟ್‌ಮ್ಯಾನಾ? ನೀನೇ ಹೇಳೇ,” ಅಜ್ಜಿ ಗದರಿದಳು. ಎರಡು ವರ್ಷದ ಹಿಂದೆ ಅಪ್ಪ ಅಮ್ಮನ ವಿಚ್ಛೇದನ ರಣರಂಪವಾದಾಗ, ಕೋರ್ಟಿನಲ್ಲಿ ‘ನನಗೆ ಅಪ್ಪ ಬೇಡ’ ಎಂದವಳು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ನಾಳೆ ಶಾಲೆ ಶುರು. ಗಿಡ್ಡವಾದ ಯೂನಿಫಾರ್ಮ್ ಸ್ಕರ್ಟನ್ನು ಇವತ್ತೇ ಉದ್ದ ಮಾಡಿಕೊಡಲು ಬೇರೆ ಯಾವ ದರ್ಜಿಯೂ ಒಪ್ಪದೆ, ಅಜ್ಜಿ ಅವಳನ್ನು ಎಳೆದುಕೊಂಡು ಬಂದಿದ್ದಳು.

ವಿಚ್ಛೇದನಕ್ಕೂ ಮುಂಚೆ ತಾನೇ ಹೊಲಿದಿದ್ದ ಸ್ಕರ್ಟಿನ ಅಂಚನ್ನು ಅಪ್ಪ ಬಿಚ್ಚಿದ. ಒಳಗೆ ಮಡಚಿಟ್ಟಿದ್ದ ಆರು ಬೆರಳಗಲದ ಬಟ್ಟೆ ಇಳಿಬಿತ್ತು. ಹೊರಗಿನದು ಒಗೆದೊಗೆದು ಮಾಸಿತ್ತು. ಇದು ಹೊಚ್ಚ ಹೊಸ ನೀಲಿ.

ಓರೆಗಣ್ಣಲ್ಲಿ ನೋಡುತ್ತಿದ್ದವಳಿಗೆ ತಡೆಯಲಾಗಲಿಲ್ಲ. “ಇಷ್ಟೊಂದು ಬಟ್ಟೆ ಒಳಗಿತ್ತಾ?”

“ನೀನು ಉದ್ದ ಆಗ್ತೀಯ ಅಂತ ಗೊತ್ತಿತ್ತಲ್ಲ,” ಎಂದ ಸೂಜಿಗೆ ದಾರ ಪೋಣಿಸುತ್ತಾ. ಮೂರು ಸಲ ತಪ್ಪಿತು.

ಹುಡುಗಿ ಒಳಬಂದು, ಚಿಕ್ಕಂದಿನಲ್ಲಿ ಅಳತೆಗೆ ನಿಲ್ಲುತ್ತಿದ್ದ ಸ್ಟೂಲನ್ನು ತಾನೇ ಎಳೆದುಕೊಂಡು ಹತ್ತಿದಳು. ಸ್ಕರ್ಟನ್ನು ಸೊಂಟಕ್ಕೆ ಹಿಡಿದಳು. ಅವನು ಸೀಮೆಸುಣ್ಣದೊಂದಿಗೆ ಮಂಡಿಯೂರಿದ. “ಪೂರ್ತಿ ಇಳಿಸಿಬಿಡಲಾ?”

ಅವಳು ಅವನ ನರೆತ ನೆತ್ತಿಯನ್ನು ನೋಡಿದಳು. “ಬೇಡ. ಮುಂದಿನ ವರ್ಷಕ್ಕೆ ಸ್ವಲ್ಪ ಒಳಗಿರಲಿ.”